ಟ್ರ್ಯಾಕ್ ಹಾಡುವವರು ಎಲ್ಲಿಗೆ ಹೋಗಬೇಕು?

(ಸಂಗೀತ ಕಲಿಯುತ್ತಿರುವ ಹುಡುಗ ಹುಡುಗಿಯರ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ತಂತ್ರಜ್ಞಾನ ನಮ್ಮ ಸೃಜನಶೀಲತೆಯನ್ನು ಏನು ಮಾಡುತ್ತಿದೆ ಅನ್ನೋದು ಇವತ್ತಿನ ವಿಷಯ. ಸಿನಿಮಾ, ಚಿತ್ರಕಲೆ, ಜಾಹೀರಾತು, ಪುಸ್ತಕ ಎಲ್ಲವೂ ಇದರೊಳಗೆ ಬರುತ್ತವೆ. ನಾನು ಹಾಡಿನ ರೆಕಾರ್ಡಿಂಗ್ ಕೆಲಸದವನು. ಸ್ಟುಡಿಯೋದಲ್ಲಿ ಕೂತು ಬೇರೆಯವರ ದನಿಯನ್ನು ಕೇಳಿಸಿಕೊಳ್ಳೋದೇ ನನ್ನ ಹೊಟ್ಟೆಪಾಡು. ಹಾಗಾಗಿ ನನಗೆ ಗೊತ್ತಿರುವ ಹಾಡಿನ ಲೋಕದಲ್ಲೇ ನಿಂತು ಮಾತಾಡುತ್ತೇನೆ. ದೊಡ್ಡ ಗಾಯಕರು ಬರುವ ಮೊದಲು ಮಾದರಿಗೆ ಹಾಡಿಡುವ ಹೊಸಬರ, ಅಂದರೆ ಟ್ರ್ಯಾಕ್ ಹಾಡುವವರ, ವಿಷಯಕ್ಕೆ ಕೊನೆಗೆ ಬರುತ್ತೇನೆ. ನೀವೂ ಅದೇ ದಾರಿಯಲ್ಲಿ ಇರುವವರು, ಅಲ್ವಾ.

ಪಿಟೀಲು ಚೌಡಯ್ಯನವರಿಂದ ಶುರು ಮಾಡೋಣ. ತಿರುಮಕೂಡಲಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಹತ್ತಿರ ವರ್ಷಗಟ್ಟಲೆ ಕಲಿತವರು. ಅವರು ಕಛೇರಿಗಳಿಗೆ ಹೋಗಲು ಶುರು ಮಾಡಿದ ಕಾಲದಲ್ಲಿ ಮೈಕ್ ಇರಲಿಲ್ಲ. ಹಾಡುವವರು ಗಂಟಲು ಬಿಟ್ಟು ಹಾಡುತ್ತಿದ್ದರು. ಮೃದಂಗಕ್ಕೆ ಹೇಗೂ ಜೋರು ದನಿ ಇದೆ. ನಡುವೆ ಪಿಟೀಲು ಹಿಂದಿನ ಸಾಲಿನವರಿಗೆ ಕೇಳಿಸುತ್ತಲೇ ಇರಲಿಲ್ಲ. ಚೌಡಯ್ಯನವರು ಇದಕ್ಕೊಂದು ದಾರಿ ಹುಡುಕಿದರು. ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ತಂತಿ ಸೇರಿಸಿ, 1927ರ ಹೊತ್ತಿಗೆ ಏಳು ತಂತಿಯ ಪಿಟೀಲು ಮಾಡಿಕೊಂಡರು. ಏಳು ತಂತಿಯನ್ನು ಶ್ರುತಿ ಮಾಡೋದೂ ಕಷ್ಟ, ಬೆರಳಿಟ್ಟು ಒತ್ತೋದೂ ಕಷ್ಟ. ಕಮಾನಿನ ಒತ್ತಡವನ್ನೇ ಬದಲಾಯಿಸಿಕೊಳ್ಳಬೇಕು. ಆದರೆ ದನಿ ತುಂಬಿ ಬಂತು. ಹಿಂದೆ ಕೂತವರಿಗೂ ಮುಟ್ಟಿತು.

ಆಮೇಲೆ ಮೈಕ್ ಬಂತು. ಸಣ್ಣ ಊರಿನ ರಾಮನವಮಿ ಪೆಂಡಾಲಿಗೂ ಬಂತು. ಏಳು ತಂತಿ ಹುಟ್ಟಿದ್ದು ಯಾವ ಕಷ್ಟಕ್ಕೋ ಆ ಕಷ್ಟವೇ ಇಲ್ಲದಂತಾಯಿತು. ಚೌಡಯ್ಯನವರ ನಂತರ ಆ ವಾದ್ಯವನ್ನು ಹಿಡಿದವರು ಬೆರಳೆಣಿಕೆಯಷ್ಟು ಜನ. ಹಾಗಂತ ಮೈಕ್ ಸಂಗೀತವನ್ನು ಹಾಳು ಮಾಡಿತು ಅಂತ ನಾನು ಹೇಳೋದಿಲ್ಲ. ಅದೇ ಮೈಕ್ ಮೆಲುದನಿಯವರಿಗೆ ಬಾಗಿಲು ತೆಗೆಯಿತು. ಪಿಸುಮಾತಿನಷ್ಟು ಮೆತ್ತಗೆ ಹಾಡಿದರೂ ಸಾವಿರ ಜನಕ್ಕೆ ಕೇಳುತ್ತದೆ ಅನ್ನೋದು ಹೊಸ ಸಂಗತಿಯಾಗಿತ್ತು. ನಮ್ಮ ಸುಗಮ ಸಂಗೀತವನ್ನೇ ನೋಡಿ. ಭಾವಗೀತೆಯಲ್ಲಿ ಒಂದು ಶಬ್ದದ ಮೇಲೆ ಉಸಿರು ಹಿಡಿದು ಬಿಡುವ ಆ ಸೂಕ್ಷ್ಮ ಮೈಕ್ ಮತ್ತು ರೇಡಿಯೋ ಇಲ್ಲದೆ ಬೆಳೆಯುತ್ತಿರಲಿಲ್ಲ. ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಪುಟ್ಟ ರೇಡಿಯೋ ಕೇಂದ್ರ ಶುರು ಮಾಡಿದರು. ಆಕಾಶವಾಣಿ ಅನ್ನುವ ಹೆಸರು ಕನ್ನಡಿಗರ ಕಿವಿಗೆ ಬಿದ್ದದ್ದು ಅಲ್ಲಿಂದಲೇ. ಮುಂದೆ ಕನ್ನಡ ಕವಿತೆ ಹಾಡಾಗಿ ಮನೆಮನೆಗೆ ಹೋದದ್ದು ಇದೇ ದಾರಿಯಲ್ಲಿ.

ಇದಕ್ಕಿಂತ ಹಿಂದಿನ ಇನ್ನೊಂದು ಸಂಗತಿ ಇದೆ. 1902ರ ನವೆಂಬರಿನಲ್ಲಿ ಕಲ್ಕತ್ತಾದಲ್ಲಿ ಹಿಂದೂಸ್ತಾನಿ ಗಾಯಕಿ ಗೌಹರ್ ಜಾನ್ ಅವರ ಹಾಡುಗಳನ್ನು ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ರೆಕಾರ್ಡ್ ಮಾಡಿಕೊಂಡರು. ಆಗ ರೆಕಾರ್ಡಿಂಗಿಗೆ ಕರೆಂಟಿನ ಮೈಕ್ ಇರಲಿಲ್ಲ. ದೊಡ್ಡ ಕೊಂಬಿನೊಳಗೆ ಬಾಯಿಟ್ಟು ಹಾಡಬೇಕು. ದನಿಯ ಅದುರು ಸೂಜಿಗೆ ಹೋಗಿ ಮೇಣದ ತಟ್ಟೆಯ ಮೇಲೆ ಗೆರೆ ಕೊರೆಯುತ್ತದೆ. ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯೋದು ಮೂರು ನಿಮಿಷದ ಆಸುಪಾಸು. ಗಂಟೆಗಟ್ಟಲೆ ಒಂದು ರಾಗವನ್ನು ಬಿಡಿಸುವವರಿಗೆ ಮೂರು ನಿಮಿಷ ಅಂದರೆ ಏನು? ದೊಡ್ಡ ದೊಡ್ಡ ಉಸ್ತಾದರು, ವಿದ್ವಾಂಸರು ಹಿಂದೆ ಸರಿದರು. ಗೌಹರ್ ಜಾನ್ ಸರಿಯಲಿಲ್ಲ. ಆಲಾಪವನ್ನು ಚಿಕ್ಕದು ಮಾಡಿದರು, ರಾಗದ ಮುಖ ಕಾಣುವ ಸ್ವರಗುಚ್ಛಗಳನ್ನು ಮೊದಲೇ ಇಟ್ಟರು, ತಾನಗಳನ್ನು ಬೇಗ ಬೇಗ ಹೊಡೆದರು. ಕೊನೆಯಲ್ಲಿ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಕೂಗಿ ಹೇಳಿದರು. ತಟ್ಟೆ ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿನವರಿಗೆ ಇದು ಯಾರ ಹಾಡು ಅಂತ ಗೊತ್ತಾಗಬೇಕಲ್ಲ, ಅದಕ್ಕೆ. ಇಷ್ಟು ಹೆಸರು ಮಾಡಿದ ಆ ತಾಯಿ ಕೊನೆಗಾಲದಲ್ಲಿ ನಮ್ಮ ಮೈಸೂರಿಗೇ ಬಂದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿದ್ದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಯಂತ್ರ ಹಾಕಿದ ಆ ಮೂರು ನಿಮಿಷದ ಬೇಲಿಯೊಳಗೆ ಒಬ್ಬ ಕಲಾವಿದೆ ಹೊಸ ರೀತಿಯ ಹಾಡನ್ನೇ ಮಾಡಿದರು. ಆಮೇಲೆ ಎಷ್ಟೋ ದಶಕ ಸಿನಿಮಾ ಹಾಡು ಮೂರು ಮೂರೂವರೆ ನಿಮಿಷಕ್ಕೆ ಒಗ್ಗಿಕೊಂಡದ್ದಕ್ಕೂ ಆ ತಟ್ಟೆಗಳೇ ಮುಖ್ಯ ಕಾರಣ. ಪಲ್ಲವಿ, ಎರಡು ಚರಣ, ನಡುವೆ ವಾದ್ಯ. ನಾವು ಇದನ್ನು ಹಾಡಿನ ಸಹಜ ರೂಪ ಅಂದುಕೊಂಡಿದ್ದೇವೆ.

ವಿರೋಧ ಮಾಡಿದವರೂ ಇದ್ದರು, ಅವರ ಮಾತನ್ನೂ ಕೇಳಬೇಕು. ಅಮೆರಿಕದ ಬ್ಯಾಂಡ್ ನಿರ್ದೇಶಕ ಜಾನ್ ಫಿಲಿಪ್ ಸೂಸಾ 1906ರಲ್ಲಿ ಯಂತ್ರಸಂಗೀತದ ಅಪಾಯದ ಬಗ್ಗೆ ಒಂದು ಲೇಖನ ಬರೆದರು. ಅವರ ಚಿಂತೆ ಎರಡು. ಒಂದು, ಮನೆಯಲ್ಲೇ ಯಂತ್ರ ಹಾಡುವಾಗ ಮಕ್ಕಳು ಕಲಿಯುವ ಕಷ್ಟವನ್ನು ಯಾಕೆ ಪಡುತ್ತಾರೆ? ಎರಡು, ತಾನು ಕಟ್ಟಿದ ಸಂಗೀತವನ್ನು ಯಂತ್ರದವರು ಒಂದು ಪೈಸೆ ಕೊಡದೆ ಮಾರುತ್ತಿದ್ದಾರೆ. ಎರಡನೆಯದಕ್ಕೆ ಉತ್ತರ ಸಿಕ್ಕಿತು. 1909ರ ಅಮೆರಿಕದ ಕಾನೂನು ಪ್ರತಿ ತಟ್ಟೆಗೆ, ತಾನೇ ನುಡಿಯುವ ಪಿಯಾನೋದ ಪ್ರತಿ ಕಾಗದದ ಸುರುಳಿಗೆ ಎರಡು ಸೆಂಟ್ ಸಂಗೀತ ಕಟ್ಟಿದವನಿಗೆ ಸೇರಬೇಕು ಅಂತ ಹೇಳಿತು. ಮೊದಲನೆಯ ಚಿಂತೆಗೆ ಕಾನೂನಿನಲ್ಲಿ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ. ನಾನು ಇವತ್ತು ಮುಖ್ಯವಾಗಿ ಮಾತಾಡಬೇಕು ಅಂದುಕೊಂಡು ಬಂದದ್ದು ಆ ಮೊದಲನೆಯ ಚಿಂತೆಯ ಬಗ್ಗೆಯೇ.

ಮುಂದಿನ ಸಂಗತಿಗಳನ್ನು ಬೇಗ ಹೇಳಿಬಿಡುತ್ತೇನೆ. ಮಾತಿನ ಸಿನಿಮಾ ಬಂದಾಗ ಅಮೆರಿಕದ ಥಿಯೇಟರುಗಳಲ್ಲಿ ಮೂಕಿ ಚಿತ್ರಕ್ಕೆ ನುಡಿಸುತ್ತಿದ್ದ ಸಾವಿರಾರು ವಾದ್ಯಗಾರರ ಕೆಲಸ ಹೋಯಿತು. 1942ರಲ್ಲಿ ಅಲ್ಲಿನ ಸಂಗೀತಗಾರರ ಸಂಘ ರೆಕಾರ್ಡಿಂಗನ್ನೇ ನಿಲ್ಲಿಸಿ ಮುಷ್ಕರ ಹೂಡಿತು. ದೊಡ್ಡ ಕಂಪನಿಗಳು ಎರಡು ವರ್ಷಕ್ಕೂ ಮೀರಿ ಎಳೆದಾಡಿ 1944ರ ನವೆಂಬರಿನಲ್ಲಿ ಒಪ್ಪಿಕೊಂಡವು. ಮಾರಾಟವಾಗುವ ಪ್ರತಿ ರೆಕಾರ್ಡಿನಿಂದ ಒಂದು ಪಾಲು ಸಂಘದ ನಿಧಿಗೆ ಹೋಗಬೇಕು, ಆ ದುಡ್ಡಿನಲ್ಲಿ ಕೆಲಸವಿಲ್ಲದ ವಾದ್ಯಗಾರರಿಂದ ಜನರಿಗೆ ಉಚಿತ ಕಛೇರಿ ಮಾಡಿಸಬೇಕು ಅನ್ನೋದು ಒಪ್ಪಂದ. ನನಗೆ ಇದು ತುಂಬಾ ಇಷ್ಟವಾದ ಪರಿಹಾರ. ಯಂತ್ರ ನುಡಿಸಿದಾಗಲೆಲ್ಲ ಒಬ್ಬ ಮನುಷ್ಯನಿಗೂ ನುಡಿಸುವ ಅವಕಾಶ ಹುಟ್ಟಬೇಕು ಅನ್ನುವ ಲೆಕ್ಕ ಅದರಲ್ಲಿದೆ.

ನಮ್ಮಲ್ಲಿ ಕ್ಯಾಸೆಟ್ ಬಂತು. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ಕ್ಯಾಸೆಟ್ 1978ರಲ್ಲಿ ಬಂದ ಮೇಲೆ ಭಾವಗೀತೆಗೆ ಸಿಕ್ಕ ಕೇಳುಗರ ಬಳಗವೇ ಬೇರೆ. ಕರಾವಳಿಯಲ್ಲಿ ಯಕ್ಷಗಾನದ ಪ್ರಸಂಗಗಳು ಕ್ಯಾಸೆಟ್ಟಿನಲ್ಲಿ ಬಸ್ಸಿನಲ್ಲೂ ಅಂಗಡಿಯಲ್ಲೂ ಕೇಳತೊಡಗಿದವು. ದೊಡ್ಡ ಕಂಪನಿಯ ಕೃಪೆ ಬೇಕಾಗಿರಲಿಲ್ಲ. ಇವತ್ತು ಉತ್ತರ ಕರ್ನಾಟಕದ ಜನಪದ ಹಾಡುಗಾರರು ತಮ್ಮೂರಿನ ಸಣ್ಣ ಸ್ಟುಡಿಯೋದಲ್ಲಿ ಹಾಡಿ ಯೂಟ್ಯೂಬಿಗೆ ಹಾಕುತ್ತಾರಲ್ಲ, ಅದು ಇದೇ ಕಥೆಯ ಮುಂದಿನ ಭಾಗ. ಬೆಂಗಳೂರಿನವರು ಅವರನ್ನು ಕರೆಯಲಿ ಅಂತ ಅವರು ಕಾಯಲಿಲ್ಲ. ಹೆಗಲ ಮೇಲೆ ಡೊಳ್ಳು ಹೊತ್ತವನಿಗೂ ಇವತ್ತು ಒಂದು ಲ್ಯಾಪ್‌ಟಾಪ್ ಸಿಗುತ್ತದೆ. ಇದು ಸಣ್ಣ ಮಾತಲ್ಲ.

ಇನ್ನು ಕೀಬೋರ್ಡ್. ಮೊದಲು ಕನ್ನಡ ಸಿನಿಮಾ ಹಾಡುಗಳು ಹೆಚ್ಚಾಗಿ ಮದರಾಸಿನಲ್ಲೇ ರೆಕಾರ್ಡ್ ಆಗುತ್ತಿದ್ದವು. ವಯಲಿನ್ ಸಾಲು, ತಬಲ, ಢೋಲಕ್, ಕೊಳಲು, ಕೋರಸ್ ಎಲ್ಲರೂ ಒಟ್ಟಿಗೆ ಕೂತು, ಗಾಯಕರು ಬೂತಿನಲ್ಲಿ ನಿಂತು, ಒಂದೇ ಟೇಕಿನಲ್ಲಿ ಹಾಡು ಮುಗಿಯಬೇಕು. ಕೊನೆಯ ಚರಣದಲ್ಲಿ ಒಬ್ಬರು ತಪ್ಪಿದರೆ ಎಲ್ಲರೂ ಮತ್ತೆ ಮೊದಲಿಂದ. 1983ರಲ್ಲಿ ಮಿಡಿ ಅನ್ನುವ ವ್ಯವಸ್ಥೆ ಬಂತು. ಬೇರೆ ಬೇರೆ ಕಂಪನಿಯ ಕೀಬೋರ್ಡು, ಡ್ರಮ್ ಮೆಷಿನ್ನು, ಕಂಪ್ಯೂಟರು ಒಂದರ ಮಾತು ಇನ್ನೊಂದು ಕೇಳುವಂತಾಯಿತು. ಒಬ್ಬನೇ ಕೂತು ಒಂದು ವಾದ್ಯವೃಂದದಷ್ಟು ಶಬ್ದ ಹೊರಡಿಸಬಹುದು. ನಿರ್ಮಾಪಕರಿಗೆ ಖರ್ಚು ಉಳಿಯಿತು. ಬಸ್ಸು ಹತ್ತಿ ಮದರಾಸಿಗೆ ಹೋಗುವ ಪಾಡು ತಪ್ಪಿತು. ಹೊಸ ಶಬ್ದಗಳೂ ಬಂದವು, ಅದರಲ್ಲಿ ಒಳ್ಳೆಯವು ತುಂಬಾ ಇವೆ. ವಯಲಿನ್ ಸಾಲಿನ ಹಿಂದಿನ ಕುರ್ಚಿಯಲ್ಲಿ ಕೂತು ಮುಂದಿನವರ ಕಮಾನು ನೋಡಿ ಕಲಿಯುತ್ತಿದ್ದ ಹುಡುಗನ ಕುರ್ಚಿ ಮಾತ್ರ ಹೋಯಿತು. ಊರ ಗಣೇಶೋತ್ಸವದ ಆರ್ಕೆಸ್ಟ್ರಾದಲ್ಲೂ ಹಾಗೇ. ಈಗ ಎಷ್ಟೋ ಕಡೆ ಕರೋಕೆ ಟ್ರ್ಯಾಕ್ ಹಾಕಿ ಇಬ್ಬರು ಹಾಡಿ ಮುಗಿಸುತ್ತಾರೆ. ಡ್ರಮ್ಸ್ ಬಾರಿಸುವ ಹುಡುಗ, ರಿದಮ್ ಪ್ಯಾಡ್ ಹುಡುಗ, ಅವರ ಪಕ್ಕದಲ್ಲಿ ಸುಮ್ನೆ ನಿಂತು ಕಲಿಯುತ್ತಿದ್ದ ಇನ್ನೊಬ್ಬ ಹುಡುಗ, ಯಾರೂ ಇಲ್ಲ.

ಈಗ ಒಂದು ವಿಷಯವನ್ನು ಹತ್ತಿರದಿಂದ ತೋರಿಸುತ್ತೇನೆ. ಇದು ನನ್ನ ದಿನನಿತ್ಯದ ಕೆಲಸ.

ಆಟೋಟ್ಯೂನ್ ಅನ್ನುವ ಸಾಫ್ಟ್‌ವೇರ್ 1997ರಲ್ಲಿ ಬಂತು. ಮಾಡಿದವರು ಆಂಡಿ ಹಿಲ್ಡೆಬ್ರಾಂಡ್. ಅವರು ಮೊದಲು ಎಣ್ಣೆ ಹುಡುಕುವ ಕೆಲಸಕ್ಕಾಗಿ ಭೂಮಿಯೊಳಗೆ ಕಳಿಸಿದ ಅಲೆಗಳ ಪ್ರತಿಧ್ವನಿಯನ್ನು ಲೆಕ್ಕ ಹಾಕುತ್ತಿದ್ದವರು. ಅದೇ ಗಣಿತವನ್ನು ಮನುಷ್ಯನ ದನಿಗೆ ತಂದರು. ಶ್ರುತಿ ಸ್ವಲ್ಪ ಜಾರಿದರೆ ಹತ್ತಿರದ ಸ್ವರಕ್ಕೆ ಎಳೆದು ಕೂರಿಸುತ್ತದೆ. ಇಂಥ ಸಾಫ್ಟ್‌ವೇರಿನ ಪರದೆಯ ಮೇಲೆ ನಿಮ್ಮ ದನಿ ಒಂದು ಗೆರೆಯಾಗಿ ಕಾಣುತ್ತದೆ. ಹಿಂದೆ ಹನ್ನೆರಡು ಸ್ವರಸ್ಥಾನದ ಪಟ್ಟಿಗಳು. ಎಷ್ಟು ಬೇಗ ಎಳೆಯಬೇಕು ಅಂತ ಹೇಳೋದಕ್ಕೆ ಒಂದು ಗುಂಡಿ. ಅದನ್ನು ಸೊನ್ನೆಗೆ ಇಟ್ಟರೆ ದನಿ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಜಿಗಿಯುತ್ತದೆ, ನಡುವೆ ದಾರಿಯೇ ಇರೋದಿಲ್ಲ.

ತೋಡಿ ರಾಗದ ಗಾಂಧಾರವನ್ನು, ಅಂದರೆ ಗ ಸ್ವರವನ್ನು, ಹಾಡಿ ನೋಡಿ. ಅದು ಒಂದು ಕಡೆ ನಿಲ್ಲುವ ಸ್ವರವೇ ಅಲ್ಲ. ಕೆಳಗೆ ರಿಷಭದ ಕಡೆ ವಾಲುತ್ತದೆ, ಮೇಲೆ ಮಧ್ಯಮವನ್ನು ಸವರಿ ಬರುತ್ತದೆ. ಆ ತೂಗಾಟವೇ ಗಾಂಧಾರ. ಪರದೆಯ ಮೇಲೆ ಅದು ದುಂಡಗಿನ ಅಲೆಯಾಗಿ ಕಾಣುತ್ತದೆ. ಗುಂಡಿಯನ್ನು ಸೊನ್ನೆಗೆ ಇಟ್ಟು ಸಾಫ್ಟ್‌ವೇರಿಗೆ ಬಿಟ್ಟರೆ ಅಲೆ ಮೆಟ್ಟಿಲಾಗುತ್ತದೆ. ರಿ, ಗ, ಮ, ಗ, ರಿ ಅಂತ ಚೌಕ ಚೌಕ. ಸ್ವರಗಳೆಲ್ಲ ಲೆಕ್ಕಕ್ಕೆ ಸರಿ. ತೋಡಿ ಮಾತ್ರ ಅಲ್ಲಿ ಇಲ್ಲ. ಹಾಗಾಗಿ ನಾವು ಆ ಜಾಗವನ್ನು ಕೈಯಲ್ಲಿ ಗುರುತು ಹಾಕಿ, ಇಲ್ಲಿ ಮುಟ್ಟಬೇಡ ಅಂತ ಬಿಡುತ್ತೇವೆ. ಪಕ್ಕದ ಒಂದು ನಿಲುಗಡೆ ಸ್ವರವನ್ನು ಕೂದಲೆಳೆಯಷ್ಟು ಎತ್ತುತ್ತೇವೆ. ಎಲ್ಲಿ ತಿದ್ದಬೇಕು, ಎಲ್ಲಿ ಕೈ ಕಟ್ಟಿ ಕೂರಬೇಕು ಅನ್ನೋದು ಕಿವಿಗೆ ಗೊತ್ತಿರಬೇಕು. ಆ ಕಿವಿ ರಾಗವನ್ನು ಕೇಳಿ ಕೇಳಿ ಬಂದದ್ದು, ಸಾಫ್ಟ್‌ವೇರಿನ ಜೊತೆ ಡಬ್ಬಿಯಲ್ಲಿ ಬಂದದ್ದಲ್ಲ.

ಇದರ ಇನ್ನೊಂದು ಮುಖ ನನ್ನನ್ನು ಜಾಸ್ತಿ ಕಾಡುತ್ತದೆ. ಹಾಡುವವರಿಗೂ ಈಗ ಇದು ಗೊತ್ತಿದೆ. ಒಂದು ಸಾಲು ಶ್ರುತಿ ತಪ್ಪಿತು ಅಂತ ಹೇಳಿದರೆ, ಟ್ಯೂನ್ ಮಾಡ್ಕೊಳ್ಳಿ ಸರ್ ಅನ್ನುವ ಉತ್ತರ ಬರುತ್ತದೆ. ಪಲ್ಲವಿಯನ್ನು ಒಮ್ಮೆ ಹಾಡಿ, ಎರಡನೇ ಸಲಕ್ಕೆ ಅದನ್ನೇ ಕಾಪಿ ಪೇಸ್ಟ್ ಮಾಡಿ ಅನ್ನುತ್ತಾರೆ. ಚರಣದ ಸಾಹಿತ್ಯ ಕೇಳಿದ ಮೇಲೆ ಅದೇ ಪಲ್ಲವಿಗೆ ಬೇರೆ ಭಾವ ಬರಬೇಕು, ಅಲ್ವಾ? ಒಂದೇ ಸಾಲನ್ನು ಮೂರು ಸಲ ಹಾಡಿದರೆ ಮೂರೂ ಬೇರೆಯಾಗಿರಬೇಕು ಅಂತ ನಿಮ್ಮ ಮೇಷ್ಟ್ರು ಹೇಳಿಕೊಡುತ್ತಾರೆ. ಕಾಪಿ ಪೇಸ್ಟ್ ಮಾಡಿದ ಹಾಡಿನಲ್ಲಿ ಆ ಪಾಠಕ್ಕೆ ಜಾಗವೇ ಇಲ್ಲ.

ಈಗ ಟ್ರ್ಯಾಕ್ ಹಾಡುವವರ ವಿಷಯಕ್ಕೆ ಬರುತ್ತೇನೆ. ನಿಮ್ಮಲ್ಲಿ ಹಲವರಿಗೆ ಈ ಕೆಲಸ ಗೊತ್ತಿರಬಹುದು. ಟ್ಯೂನ್ ರೆಡಿ, ಸಾಹಿತ್ಯ ಬಂದಿದೆ, ದೊಡ್ಡ ಗಾಯಕರ ಡೇಟ್ ಇನ್ನೂ ಸಿಕ್ಕಿಲ್ಲ. ಅಷ್ಟರಲ್ಲಿ ಒಬ್ಬ ಹೊಸ ಹುಡುಗನನ್ನೋ ಹುಡುಗಿಯನ್ನೋ ಕರೆಸಿ ಪೂರ್ತಿ ಹಾಡಿಸಿಡುತ್ತಾರೆ. ಅದೇ ಟ್ರ್ಯಾಕ್. ನಿರ್ದೇಶಕರು ಅದನ್ನು ಕೇಳಿ ಒಪ್ಪಬೇಕು, ಕೆಲವೊಮ್ಮೆ ಅದಕ್ಕೇ ಶೂಟಿಂಗೂ ಆಗಿಬಿಡುತ್ತದೆ. ಆಮೇಲೆ ದೊಡ್ಡ ಗಾಯಕರು ಬಂದು ಅದನ್ನು ಕೇಳಿಕೊಂಡು ಹಾಡಿ ಹೋಗುತ್ತಾರೆ. ಟ್ರ್ಯಾಕ್ ಹಾಡಿದವರ ಹೆಸರು ಎಲ್ಲೂ ಬರೋದಿಲ್ಲ. ದುಡ್ಡೂ ಅಷ್ಟಕ್ಕಷ್ಟೆ.

ಆದರೆ ಆ ಹುಡುಗಿ ಅಲ್ಲಿ ಕಲಿಯೋದನ್ನು ಯಾವ ಶಾಲೆಯೂ ಕಲಿಸೋದಿಲ್ಲ. ಪ, ಬ, ಭ ಬಂದಾಗ ಗಾಳಿ ಮೈಕಿಗೆ ಹೊಡೆಯದ ಹಾಗೆ ಮುಖವನ್ನು ಎಷ್ಟು ಓರೆ ಮಾಡಬೇಕು. ತಾರಸ್ಥಾಯಿಗೆ ಹೋಗುವ ಮೊದಲು ಎಷ್ಟು ಹಿಂದೆ ಸರಿಯಬೇಕು. ಒಂದು ಕಿವಿಯ ಹೆಡ್‌ಫೋನ್ ತೆಗೆದು ತನ್ನ ಶ್ರುತಿಯನ್ನು ತಾನೇ ಹೇಗೆ ಕೇಳಬೇಕು. ಗೀತರಚನೆಕಾರರು ಕೊನೇ ಗಳಿಗೆಯಲ್ಲಿ ಒಂದು ಸಾಲು ಬದಲಾಯಿಸಿದಾಗ ಉಸಿರಿನ ಜಾಗವನ್ನು ಅಲ್ಲೇ ಹೇಗೆ ಹೊಂದಿಸಬೇಕು. ಗಾಜಿನ ಆಚೆ ನಾಲ್ಕು ಜನ ಮುಖ ಗಂಟಿಕ್ಕಿಕೊಂಡು ಕೂತಿದ್ದರೂ ನಗುವ ಹಾಡನ್ನು ಹೇಗೆ ಹಾಡಬೇಕು. ಇನ್ನೊಂದು ದೊಡ್ಡ ಕೆಲಸವನ್ನೂ ಇವರು ಸದ್ದಿಲ್ಲದೆ ಮಾಡಿದ್ದಾರೆ. ಕನ್ನಡ ಬಾರದ ಎಷ್ಟೋ ಗಾಯಕರು ಕನ್ನಡದಲ್ಲಿ ಹಾಡಿದ್ದಾರೆ, ಚೆನ್ನಾಗಿಯೇ ಹಾಡಿದ್ದಾರೆ. ಅವರು ಳಕಾರ ಣಕಾರಗಳನ್ನು, ಎಲ್ಲಿ ಒತ್ತಬೇಕು ಎಲ್ಲಿ ಬಿಡಬೇಕು ಅನ್ನೋದನ್ನು ಕೇಳಿಸಿಕೊಂಡದ್ದು ಆ ಟ್ರ್ಯಾಕಿನಿಂದ. ಒಮ್ಮೊಮ್ಮೆ ನಿರ್ದೇಶಕರು, ಈ ದನಿಯೇ ಚೆನ್ನಾಗಿದೆ, ಇದನ್ನೇ ಇಟ್ಟುಕೊಳ್ಳೋಣ ಅನ್ನುವುದೂ ಉಂಟು. ಅವತ್ತು ಒಬ್ಬ ಹೊಸ ಗಾಯಕಿ ಹುಟ್ಟುತ್ತಾಳೆ.

ಈ ಜಾಗಕ್ಕೆ ಈಗ ಎಐ, ಅಂದರೆ ಕೃತಕ ಬುದ್ಧಿಮತ್ತೆ, ಬಂದು ಕೂತಿದೆ. ಸಂಗೀತ ನಿರ್ದೇಶಕರು ತಾವೇ ತಮ್ಮ ದನಿಯಲ್ಲಿ ಹಾಡಿಕೊಳ್ಳುತ್ತಾರೆ. ಅದನ್ನು ಸಾಫ್ಟ್‌ವೇರಿಗೆ ಕೊಟ್ಟು ಹೆಣ್ಣಿನ ದನಿಗೋ ಇನ್ನೊಬ್ಬರ ದನಿಗೋ ಬದಲಾಯಿಸುತ್ತಾರೆ. ನಿಮಿಷಗಳಲ್ಲಿ ಟ್ರ್ಯಾಕ್ ರೆಡಿ. ಸುನೋ, ಯೂಡಿಯೋ ತರಹದ ಹಾಡು ಕಟ್ಟುವ ಎಐ ಸಾಫ್ಟ್‌ವೇರುಗಳಲ್ಲಿ ಸಾಹಿತ್ಯ ಬರೆದು, ಎಂಥ ಹಾಡು ಬೇಕು ಅಂತ ಹೇಳಿದರೆ ವಾದ್ಯ ಸಮೇತ ಪೂರ್ತಿ ಹಾಡೇ ಬರುತ್ತದೆ. ಕೋರಸ್ಸೂ ಬರುತ್ತದೆ. ನಮ್ಮ ಸ್ಟುಡಿಯೋಗೆ ಟ್ರ್ಯಾಕ್ ಹಾಡಲು ಬರುತ್ತಿದ್ದ ಒಬ್ಬ ಹುಡುಗಿ, ತುಂಬಾ ಒಳ್ಳೆಯ ಶಾರೀರ, ಈಗ ಹೆಚ್ಚಾಗಿ ಮಕ್ಕಳಿಗೆ ಆನ್‌ಲೈನ್ ಪಾಠ ಮಾಡುತ್ತಾಳೆ. ಫೋನ್ ಬರೋದೇ ಕಡಿಮೆಯಾಗಿದೆ ಸರ್ ಅಂದಳು. ಅವಳಿಗೆ ಪ್ರತಿಭೆ ಕಡಿಮೆಯಾಗಿಲ್ಲ. ಅವಳು ಹತ್ತಬೇಕಾಗಿದ್ದ ಮೊದಲ ಮೆಟ್ಟಿಲನ್ನು ಯಾರೋ ಎತ್ತಿಕೊಂಡು ಹೋಗಿದ್ದಾರೆ.

ಎಐಗೆ ಕನ್ನಡ ಸರಿಯಾಗಿ ಬರೋದಿಲ್ಲ, ಹಾಗಾಗಿ ನಮಗೆ ಭಯವಿಲ್ಲ ಅಂತ ಕೆಲವರು ಸಮಾಧಾನ ಹೇಳುತ್ತಾರೆ. ಹೌದು, ಹಳ್ಳಿಯನ್ನು ಅದು ಹಲ್ಲಿ ಅಂತ ಹಾಡಿದ್ದನ್ನು ನಾನೂ ಕೇಳಿದ್ದೇನೆ. ದೀರ್ಘವನ್ನು ನುಂಗುತ್ತದೆ, ಹ್ರಸ್ವವನ್ನು ತಾಳಕ್ಕಾಗಿ ಎಳೆಯುತ್ತದೆ. ಇದನ್ನು ನಂಬಿ ಕೂರಬೇಡಿ. ಇವತ್ತಿನ ತಪ್ಪು ನಾಳೆ ಸರಿಯಾಗುತ್ತದೆ. ಬೆಂಗಳೂರಿನಲ್ಲಿ ಹತ್ತು ಲಕ್ಷದ ಆಸುಪಾಸಿನ ಬಂಡವಾಳದಲ್ಲಿ, ನಟರೇ ಇಲ್ಲದೆ ಎಐನಲ್ಲೇ ತಯಾರಾದ ಕನ್ನಡ ಸಿನಿಮಾ ಒಂದಕ್ಕೆ 2025ರಲ್ಲಿ ಸೆನ್ಸಾರ್ ಸರ್ಟಿಫಿಕೇಟ್ ಕೂಡ ಸಿಕ್ಕಿದೆ. ಯಂತ್ರದ ಕೊರತೆಯನ್ನು ನಮ್ಮ ಕೋಟೆ ಮಾಡಿಕೊಳ್ಳಲು ಆಗೋದಿಲ್ಲ.

ಹಿಂದಿನ ಯಂತ್ರಕ್ಕೂ ಇದಕ್ಕೂ ಏನು ವ್ಯತ್ಯಾಸ ಅಂತ ನೀವು ಕೇಳಬಹುದು. ನನಗೆ ಕಾಣೋದು ಇದು. ಗ್ರಾಮಫೋನಿನ ಕೊಂಬಿನ ಮುಂದೆ ಗೌಹರ್ ಜಾನ್ ನಿಲ್ಲಲೇಬೇಕಿತ್ತು. ಮೈಕ್ ಮುಂದೆ ಯಾರಾದರೂ ಹಾಡಲೇಬೇಕಿತ್ತು. ಕೀಬೋರ್ಡಿನ ಮೇಲೂ ಯಾರದೋ ಬೆರಳು ಇರಬೇಕಿತ್ತು. ಯಂತ್ರದ ಬಾಯಿಯ ಹತ್ತಿರ ಒಬ್ಬ ಮನುಷ್ಯ ಇದ್ದ, ಯಂತ್ರ ಹಾಕಿದ ಕಟ್ಟಿನಿಂದಲೇ ಅವನು ಹೊಸದನ್ನು ಹುಟ್ಟಿಸುತ್ತಿದ್ದ. ಈಗಿನ ಯಂತ್ರ ಹಿಂದೆ ಹಾಡಿದವರ ಹಾಡುಗಳನ್ನೆಲ್ಲ ಅರಗಿಸಿಕೊಂಡು ಬಂದಿದೆ, ಅದರ ಮುಂದೆ ಇವತ್ತು ಯಾರೂ ನಿಲ್ಲಬೇಕಾಗಿಲ್ಲ. ಮೇಲಿನ ಹಂತದಲ್ಲಿ ಹೆಸರು ಮಾಡಿದವರಿಗೆ ಇದರಿಂದ ಅನುಕೂಲವೇ ಜಾಸ್ತಿ. ಅವರ ಕಿವಿ ಆಗಲೇ ತಯಾರಾಗಿದೆ, ಬಂದದ್ದರಲ್ಲಿ ಯಾವುದು ಕಾಳು ಯಾವುದು ಜೊಳ್ಳು ಅಂತ ಅವರಿಗೆ ಗೊತ್ತು. ಪೆಟ್ಟು ಬೀಳೋದು ಕೆಳಗಿನ ಹಂತಕ್ಕೆ. ಟ್ರ್ಯಾಕು, ಕೋರಸ್ಸು, ಜಿಂಗಲ್ಲು, ಧಾರಾವಾಹಿಯ ಹಿನ್ನೆಲೆ ಸಂಗೀತ. ಇವೆಲ್ಲ ಹೆಸರು ತರದ ಕೆಲಸಗಳು, ಕೈ ಪಳಗಿಸುವ ಕೆಲಸಗಳು. ಈ ಕೆಲಸಗಳಿಲ್ಲದೆ ಇಪ್ಪತ್ತು ವರ್ಷದ ನಂತರ ಆ ತಯಾರಾದ ಕಿವಿಗಳು ಎಲ್ಲಿಂದ ಬರುತ್ತವೆ?

ಎಲ್ಲವೂ ಒಂದೇ ಥರ ಆಗುತ್ತಿದೆ ಅನ್ನುವ ದೂರಿಗೂ ಆಧಾರ ಇದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜು ಮತ್ತು ಎಕ್ಸೆಟರ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು, ಅನಿಲ್ ದೋಶಿ ಮತ್ತು ಆಲಿವರ್ ಹೌಸರ್, 2024ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸುಮಾರು ಮುನ್ನೂರು ಜನರಿಂದ ಪುಟ್ಟ ಪುಟ್ಟ ಕಥೆ ಬರೆಸಿದರು. ಕೆಲವರು ತಾವೇ ಯೋಚಿಸಿ ಬರೆದರು, ಕೆಲವರಿಗೆ ಎಐ ಕೊಟ್ಟ ಕಥಾಬೀಜ ಸಿಕ್ಕಿತು. ಎಐ ನೆರವು ಪಡೆದವರ ಕಥೆಗಳು ಓದುಗರಿಗೆ ಹೆಚ್ಚು ಹೊಸದಾಗಿ ಕಂಡವು, ಅದರಲ್ಲೂ ಅಷ್ಟೇನೂ ಸೃಜನಶೀಲರಲ್ಲದವರಿಗೆ ಲಾಭ ಜಾಸ್ತಿ ಆಯಿತು. ಆದರೆ ಎಲ್ಲ ಕಥೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಎಐ ನೆರವಿನ ಕಥೆಗಳು ಒಂದನ್ನೊಂದು ಹೋಲುತ್ತಿದ್ದವು. ಒಬ್ಬೊಬ್ಬರಿಗೆ ಲಾಭ, ಒಟ್ಟು ಲೋಕಕ್ಕೆ ನಷ್ಟ. ನಮ್ಮ ಸ್ಟುಡಿಯೋಗಳಲ್ಲಿ ಇದು ಹೊಸದೇನಲ್ಲ. ಒಂದೇ ಕೀಬೋರ್ಡಿನ ಒಂದೇ ಪ್ಯಾಚು (ಸಿದ್ಧ ಶಬ್ದ), ಒಂದೇ ಲೂಪು (ಮತ್ತೆ ಮತ್ತೆ ಬರುವ ತುಣುಕು) ಹತ್ತು ಹಾಡಿನಲ್ಲಿ ಕೇಳಿದವರು ನಾವು. ಈಗ ಅದು ದೊಡ್ಡ ಪ್ರಮಾಣದಲ್ಲಿ ಆಗುತ್ತಿದೆ.

ಹಾಗಾದರೆ ಏನು ಮಾಡೋದು? ಎಐ ಬೇಡ ಅಂತ ಬಾಗಿಲು ಹಾಕಿಕೊಳ್ಳಿ ಅಂತ ನಾನು ಹೇಳೋದಿಲ್ಲ. ನಾನೂ ಬಳಸುತ್ತೇನೆ. ಹಳೇ ಕ್ಯಾಸೆಟ್ಟಿನ ಗೊರಗೊರ ತೆಗೆಯಲು, ಬೆರೆತುಹೋದ ತಬಲವನ್ನೂ ದನಿಯನ್ನೂ ಬಿಡಿಸಲು ಅದರಂಥ ಸಹಾಯ ಇನ್ನೊಂದಿಲ್ಲ. ಒಪ್ಪಿಗೆ ಕೇಳಿ ಮಾಡುವ ಕ್ರಮವೂ ಒಂದಿದೆ. ಎ. ಆರ್. ರೆಹಮಾನ್ ಅವರು 2024ರಲ್ಲಿ ಒಂದು ತಮಿಳು ಹಾಡಿಗೆ ತೀರಿಹೋದ ಇಬ್ಬರು ಗಾಯಕರಾದ ಬಂಬಾ ಬಾಕ್ಯ ಮತ್ತು ಶಾಹುಲ್ ಹಮೀದ್ ಅವರ ದನಿಯನ್ನು ಎಐ ಮೂಲಕ ತಂದರು. ಅವರ ಮನೆಯವರ ಒಪ್ಪಿಗೆ ಪಡೆದು, ಸಂಭಾವನೆ ಕೊಟ್ಟು ಮಾಡಿದ್ದಾಗಿ ಅವರೇ ತಿಳಿಸಿದರು. ಸತ್ತವರ ದನಿಯಲ್ಲಿ ಹೊಸ ಹಾಡು ಬೇಕೇ ಅನ್ನೋದರಲ್ಲಿ ನನಗೆ ಇನ್ನೂ ಅಳುಕಿದೆ. ಆದರೂ ಕೇಳಿ, ಕೊಟ್ಟು, ಬಹಿರಂಗವಾಗಿ ಹೇಳಿ ಮಾಡಿದ್ದು ಸರಿಯಾದ ನಡೆ. ಅದೇ ವರ್ಷ ಜುಲೈಯಲ್ಲಿ ಅರಿಜಿತ್ ಸಿಂಗ್ ಅವರ ದನಿಯನ್ನು ಹೇಳದೆ ಕೇಳದೆ ಎಐಯಿಂದ ನಕಲು ಮಾಡೋದನ್ನು ಬಾಂಬೆ ಹೈಕೋರ್ಟ್ ತಡೆಯಿತು. ದನಿಯೂ ಒಬ್ಬ ಮನುಷ್ಯನ ಸ್ವತ್ತು ಅಂತ ನ್ಯಾಯಾಲಯ ಗುರುತಿಸಿದ್ದು ನಮಗೆಲ್ಲ ದೊಡ್ಡ ಬಲ.

ಕಾನೂನಿನ ಇನ್ನೊಂದು ಮಗ್ಗುಲು ಇದೆ. 2012ರ ಕಾಪಿರೈಟ್ ತಿದ್ದುಪಡಿಯಿಂದ ನಮ್ಮ ಗೀತರಚನೆಕಾರರಿಗೆ, ಸಂಗೀತ ನಿರ್ದೇಶಕರಿಗೆ ರಾಯಲ್ಟಿಯ, ಅಂದರೆ ಹಾಡು ಬಳಕೆಯಾದಾಗ ಬರುವ ದುಡ್ಡಿನ, ಪಾಲನ್ನು ಬರೆದುಕೊಟ್ಟು ಕಳೆದುಕೊಳ್ಳದಂಥ ರಕ್ಷಣೆ ಸಿಕ್ಕಿತು. ಈಗ ಎಐ ಕಂಪನಿಗಳು ಹಾಡುಗಳನ್ನು ತರಬೇತಿಗೆ ಬಳಸೋದರ ಬಗ್ಗೆ ಕೇಂದ್ರ ಸರ್ಕಾರದ ಸಮಿತಿಯೊಂದು 2025ರ ಡಿಸೆಂಬರಿನಲ್ಲಿ ತನ್ನ ಶಿಫಾರಸು ಮುಂದಿಟ್ಟಿತು. ಬಳಸಿಕೊಳ್ಳಲಿ, ಆದರೆ ಕಡ್ಡಾಯವಾಗಿ ರಾಯಲ್ಟಿ ಕಟ್ಟಲಿ ಅನ್ನೋದು ಅದರ ಸಾರ. 1909ರ ಎರಡು ಸೆಂಟಿನ ದಾರಿಯೇ ಇದು. ದುಡ್ಡು ಬರಲಿ, ಬೇಡ ಅನ್ನೋದಿಲ್ಲ. ಆದರೆ ಅದರಲ್ಲಿ ಒಂದು ಪಾಲು 1944ರ ಆ ಒಪ್ಪಂದದ ಹಾಗೆ ಹೊಸಬರ ಕಲಿಕೆಗೆ ಹೋಗಬೇಕು ಅನ್ನೋದು ನನ್ನ ಬಲವಾದ ಅಭಿಪ್ರಾಯ. ಎಲ್ಲ ದುಡ್ಡೂ ಆಗಲೇ ಹೆಸರಿರುವವರಿಗೆ ಹೋದರೆ ಟ್ರ್ಯಾಕ್ ಹಾಡುತ್ತಿದ್ದ ಆ ಹುಡುಗಿಗೆ ಏನು ಸಿಕ್ಕಂತಾಯಿತು?

ಸಂಘಟನೆಯಿಂದ ಏನಾಗುತ್ತದೆ ಅನ್ನೋದಕ್ಕೂ ಉದಾಹರಣೆ ಇದೆ. 2023ರಲ್ಲಿ ಹಾಲಿವುಡ್ಡಿನ ಬರಹಗಾರರು 148 ದಿನ ಮುಷ್ಕರ ಮಾಡಿದರು. ಎಐ ಬಳಸಲೇಬೇಕು ಅಂತ ಬರಹಗಾರರನ್ನು ಒತ್ತಾಯಿಸುವ ಹಾಗಿಲ್ಲ, ಕಂಪನಿ ಕೊಡುವ ಸಾಮಗ್ರಿಯಲ್ಲಿ ಎಐ ಬರೆದದ್ದಿದ್ದರೆ ಅದನ್ನು ಹೇಳಲೇಬೇಕು ಅನ್ನುವ ಮಾತುಗಳು ಒಪ್ಪಂದದಲ್ಲಿ ಸೇರಿದವು. ಹೆಸರಿದ್ದವರೂ ಇಲ್ಲದವರೂ ಒಟ್ಟಿಗೆ ನಿಂತದ್ದರಿಂದ ಇದು ಆಯಿತು. ನಮ್ಮ ಸ್ಟುಡಿಯೋ ಲೋಕದಲ್ಲಿ ಇಂಥ ಮಾತುಕತೆ ಇನ್ನೂ ಶುರುವಾಗಬೇಕು. ಹಿರಿಯ ಸಂಗೀತ ನಿರ್ದೇಶಕರಿಗೆ ನಾನು ಸಿಕ್ಕಿದಾಗಲೆಲ್ಲ ಹೇಳುವ ಮಾತು ಒಂದೇ. ಟ್ಯೂನ್ ಹೊಳೆಯುವಾಗ ಎಐ ಬಳಸಿ, ಖರ್ಚು ಉಳಿಸಿ, ತಪ್ಪಿಲ್ಲ. ಟ್ರ್ಯಾಕನ್ನು ಮಾತ್ರ ಒಬ್ಬ ಹೊಸಬರ ಕೈಲಿ ಹಾಡಿಸಿ. ಹಾಡಿದವರ ಹೆಸರನ್ನು ಯೂಟ್ಯೂಬಿನ ವಿವರಣೆಯಲ್ಲಾದರೂ ಹಾಕಿ.

ಕೊನೆಯಲ್ಲಿ ನಿಮ್ಮಲ್ಲೇ ಒಬ್ಬರು ಎದ್ದು ಒಳ್ಳೆಯ ಪ್ರಶ್ನೆ ಕೇಳಿದರು. ಸರ್, ನಾಳೆಯೇ ನನ್ನನ್ನು ಟ್ರ್ಯಾಕಿಗೋ ಕೋರಸ್ಸಿಗೋ ಕರೆದರೆ ನಾನು ಏನು ನೋಡಿಕೊಳ್ಳಬೇಕು ಅಂತ. ಉತ್ತರವನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಮೊದಲು, ಹೋಗಿ. ದುಡ್ಡು ಕಡಿಮೆ ಅಂತ ಬಿಡಬೇಡಿ. ಮೊದಲ ಟೇಕನ್ನು ಪೂರ್ತಿ ಹಾಡಿನ ಹಾಗೆ ಒಂದೇ ಉಸಿರಿಗೆ ಹಾಡುತ್ತೇನೆ ಅಂತ ರೆಕಾರ್ಡಿಸ್ಟಿಗೆ ಕೇಳಿಕೊಳ್ಳಿ, ತುಂಡು ಮಾಡೋದು ಆಮೇಲೆ ಇದ್ದೇ ಇದೆ. ಟ್ಯೂನ್ ಮಾಡುವ ಮುಂಚಿನ ನಿಮ್ಮ ದನಿಯನ್ನು ಒಮ್ಮೆ ಕೇಳಿಸಿ ಅನ್ನಿ, ಎಲ್ಲಿ ಜಾರಿದ್ದೀರಿ ಅನ್ನೋದು ಅಲ್ಲೇ ಗೊತ್ತಾಗೋದು. ಇನ್ನು ಕಾಗದದ ವಿಷಯ. ಏನಾದರೂ ಸಹಿ ಹಾಕಿಸಿಕೊಂಡರೆ ಪೂರ್ತಿ ಓದಿ. ಈ ರೆಕಾರ್ಡಿಂಗು ಈ ಒಂದು ಹಾಡಿಗೆ ಮಾತ್ರ, ನನ್ನ ದನಿಯನ್ನು ಎಐ ತರಬೇತಿಗಾಗಲಿ ದನಿಯ ಮಾದರಿ ಮಾಡಲಿಕ್ಕಾಗಲಿ ನನ್ನ ಲಿಖಿತ ಒಪ್ಪಿಗೆ ಇಲ್ಲದೆ ಬಳಸುವಂತಿಲ್ಲ ಅನ್ನುವ ಒಂದು ಸಾಲು ಸೇರಿಸಲು ಹೇಳಿ. ಕಾಗದವೇ ಇಲ್ಲದ ಕಡೆ, ಮನೆಗೆ ಬಂದ ಮೇಲೆ ಅದೇ ಸಾಲನ್ನು ಕನ್ನಡದಲ್ಲೇ ವಾಟ್ಸ್ಆ್ಯಪಿನಲ್ಲಿ ಅವರಿಗೆ ಕಳಿಸಿ, ಸರಿ ಅನ್ನುವ ಉತ್ತರ ಬರುವವರೆಗೆ ಬಿಡಬೇಡಿ. ಆ ಮೆಸೇಜನ್ನು ಅಳಿಸದೆ ಇಟ್ಟುಕೊಳ್ಳಿ.